ಮಂಚದ ಬೋಲ್ಟು

ಮನುಷ್ಯನು ತನ್ನ ಆಯುಷ್ಯದ ಹೆಚ್ಚುಕಡಮೆ ಮೂರರಲ್ಲಿ ಒಂದು ಪಾಲನ್ನು ನಿದ್ರೆಯಲ್ಲಿ ಕಳೆಯುತ್ತಾನೆ. ಆ ಕಾಲವೆಲ್ಲ ಅವನ ಭಾರವನ್ನು ಹೊತ್ತು ನಿಲ್ಲುವ ಮಂಚದ ಕಡೆಗೆ ಅವನ ಗಮನ ಹರಿಯುವುದು ಬಹು ವಿರಳ. ಹೊಸದರಲ್ಲಿ ಬಂಡೆಯಂತೆ ನಿಂತಿದ್ದ ಮಂಚವು ವರುಷ ತುಂಬುವುದರೊಳಗೆ ಹೊರಳಿದಾಗಲೆಲ್ಲ ಕಿರುಗುಟ್ಟಲು ತೊಡಗಿದರೆ, ಕೈಯೂರಿದಾಗ ಅತ್ತಿತ್ತ ವಾಲಿದರೆ, ಆಗ ಅದು ನೆನಪಿಗೆ ಬರುತ್ತದೆ. ಎಳೆಯರಿಗೆ ಇದು ಬರಿಯ ಕಿರಿಕಿರಿ. ನಡುರಾತ್ರಿಯಲ್ಲಿ ಎದ್ದು, ತಲೆಯ ಕಡೆಯ ಹಲಗೆಯನ್ನು ಆಧಾರವಾಗಿ ಹಿಡಿದು ನೆಲಕ್ಕೆ ಕಾಲೂರುವ ವೃದ್ಧರಿಗಾದರೋ ವಾಲುವ ಮಂಚವು ಅಪಾಯವೇ ಸರಿ.

ಇಂತಹ ಮಂಚಕ್ಕೆ ಜನರು ಸಾಮಾನ್ಯವಾಗಿ ಮಾಡುವ ಚಿಕಿತ್ಸೆ ಎರಡು ಬಗೆಯದು. ಬೋಲ್ಟನ್ನು ಇದ್ದ ಶಕ್ತಿಯನ್ನೆಲ್ಲ ಹಾಕಿ ಬಿಗಿಯುವುದು ಒಂದು. ಹಳೆಯದನ್ನು ತೆಗೆದು, ರಂಧ್ರವನ್ನು ಅಗಲಿಸಿ, ಇನ್ನೂ ದಪ್ಪನಾದ ಬೋಲ್ಟನ್ನು ತೂರಿಸುವುದು ಇನ್ನೊಂದು. ಎರಡೂ ಬಹುಮಟ್ಟಿಗೆ ವ್ಯರ್ಥ, ಕೆಲವೊಮ್ಮೆ ಹಾನಿಕರ. ಬೋಲ್ಟು ಮಾಡುವ ಕೆಲಸವೇನೆಂಬುದನ್ನು ನಾವು ಸರಿಯಾಗಿ ಗ್ರಹಿಸದಿರುವುದೇ ಇದಕ್ಕೆ ಕಾರಣ. ಅದನ್ನು ಗ್ರಹಿಸಲು ಪ್ರೌಢಶಾಲೆಯ ಭೌತಶಾಸ್ತ್ರವೇ ಸಾಕು.

ಬೋಲ್ಟು ಹೊರುವ ಭಾರ

ಮರದ ಮಂಚದ ರಚನೆಯನ್ನು ಮೊದಲು ನೆನಪಿಗೆ ತಂದುಕೊಳ್ಳೋಣ. ತಲೆಯ ಕಡೆಯ ಚೌಕಟ್ಟು ಒಂದು, ಕಾಲಿನ ಕಡೆಯದು ಒಂದು. ಇವೆರಡನ್ನೂ ಬಡಗಿಯು ಅಂಟು ಹಾಕಿ ಶಾಶ್ವತವಾಗಿ ಜೋಡಿಸಿರುತ್ತಾನೆ. ಇವುಗಳ ನಡುವೆ ಉದ್ದನೆಯ ಎರಡು ಪಕ್ಕದ ಪಟ್ಟಿಗಳು. ಇಡಿಯ ಮಂಚವು ಬಾಗಿಲಿನಲ್ಲಿ ನುಸುಳಲಾರದಾದ್ದರಿಂದ ಈ ಪಟ್ಟಿಗಳನ್ನು ಬಿಚ್ಚಿ ಕೂಡಿಸಲು ಬರುವಂತಿರಬೇಕು. ಹಾಗಾಗಿ ನಾಲ್ಕು ಮೂಲೆಗಳ ನಾಲ್ಕು ಸಂದುಗಳಲ್ಲಿ ಬೋಲ್ಟುಗಳಿರುತ್ತವೆ. ಬೋಲ್ಟು ಮಂಚದ ಕಾಲನ್ನು ಅಡ್ಡಲಾಗಿ ಹಾದು, ಪಟ್ಟಿಯ ತುದಿಯೊಳಕ್ಕೆ ಉದ್ದಕ್ಕೆ ಹೊಕ್ಕು, ಅಲ್ಲಿ ಹುದುಗಿಸಿರುವ ನಟ್ಟನ್ನು ಸೇರುತ್ತದೆ. ಈ ವಿಧಾನ ಹೊಸದಲ್ಲ. ೧೮ನೆಯ ಶತಮಾನದಲ್ಲಿಯೇ ಇಂಗ್ಲೆಂಡ್ ಮತ್ತು ಅಮೆರಿಕಗಳ ಬಡಗಿಗಳು ಎತ್ತರದ ಕಂಬಗಳುಳ್ಳ ಮಂಚಗಳನ್ನು ಹೀಗೆಯೇ ಕೂಡಿಸುತ್ತಿದ್ದರು. ಹೊರಗೆ ಕಾಣುವ ಬೋಲ್ಟಿನ ತಲೆಯನ್ನು ಹಿತ್ತಾಳೆಯ ಪುಟ್ಟ ಮುಚ್ಚಳದಿಂದ ಮರೆಮಾಡುತ್ತಿದ್ದರು.

ಈಗ ಭಾರವನ್ನು ಲೆಕ್ಕ ಹಾಕೋಣ. ಇಬ್ಬರು ಮಲಗುವ ಮಂಚದಲ್ಲಿ ಜನರು, ಹಾಸಿಗೆ, ಹಲಗೆಗಳು ಎಲ್ಲ ಸೇರಿ ೨೦೦ ಕಿಲೋಗ್ರಾಂ ಎಂದಿಟ್ಟುಕೊಂಡರೆ, ಒಂದೊಂದು ಸಂದಿಗೆ ಬರುವುದು ೫೦ ಕಿಲೋಗ್ರಾಂ, ಎಂದರೆ ಸುಮಾರು ೫೦೦ ನ್ಯೂಟನ್ನುಗಳ ಬಲ. ಅಂಗಡಿಯಲ್ಲಿ ದೊರೆಯುವ ೮ ಮಿಲಿಮೀಟರು ವ್ಯಾಸದ ಸಾಧಾರಣ ಉಕ್ಕಿನ ಬೋಲ್ಟು ೮೦೦೦ ನ್ಯೂಟನ್ನುಗಳಿಗೂ ಮೀರಿದ ಸೆಳೆತವನ್ನು ಶಾಶ್ವತವಾಗಿ ವಿಕಾರಗೊಳ್ಳದೆ ತಡೆಯಬಲ್ಲುದು. ಅಡ್ಡಲಾಗಿ ಕತ್ತರಿಸುವ ಬಲವನ್ನು ತಡೆಯುವ ಅದರ ಶಕ್ತಿ ಇದಕ್ಕಿಂತ ಕಡಮೆಯಾದರೂ ೫೦೦ ನ್ಯೂಟನ್ನುಗಳು ಅದಕ್ಕೆ ಲೆಕ್ಕಕ್ಕಿಲ್ಲ. ಅಲ್ಲದೆ ನುರಿತ ಬಡಗಿಯು ಪಟ್ಟಿಯ ತುದಿಯಲ್ಲಿ ಮೋಟಾದ ನಾಲಗೆಯೊಂದನ್ನು ಉಳಿಸಿ, ಅದನ್ನು ಕಾಲಿನ ಕುಳಿಯಲ್ಲಿ ಕೂರಿಸಿರುತ್ತಾನೆ. ಕೆಳಮುಖವಾದ ಭಾರವನ್ನು ಆ ನಾಲಗೆಯೇ ಹೊರುತ್ತದೆ. ಹೀಗಿರಲು, ಮಂಚದ ಮೇಲಿನ ಭಾರವನ್ನು ಹೊರುವುದಕ್ಕಾಗಿ ಬೋಲ್ಟು ದಪ್ಪವಾಗಿರಬೇಕೆಂಬ ಎಣಿಕೆಗೆ ಆಧಾರವಿಲ್ಲ.

ಮಂಚಕ್ಕೆ ಶತ್ರು ಭಾರವಲ್ಲ, ಅಡ್ಡನೂಕು. ಯಾರೋ ದೊಪ್ಪನೆ ಕುಳಿತರು, ಮಕ್ಕಳು ಹಾರಿದರು, ಕಸ ಗುಡಿಸಲೆಂದು ಮಂಚವನ್ನು ಸರಿಸಿದರು. ಆಗ ಉದ್ದಕ್ಕೆ ೪೦೦ ನ್ಯೂಟನ್ನುಗಳ ಬಲ ಬಿತ್ತೆನ್ನೋಣ. ನಾಲ್ಕು ಕಾಲುಗಳಿಗೆ ಹಂಚಿದರೆ ಒಂದೊಂದಕ್ಕೆ ೧೦೦. ಪಟ್ಟಿಯು ನೆಲದಿಂದ ೩೦ ಸೆಂಟಿಮೀಟರು ಮೇಲಿದ್ದರೆ, ಪ್ರತಿಯೊಂದು ಸಂದನ್ನೂ ತಿರುಗಿಸಿ ಬಾಯಿ ಬಿಡಿಸಲು ಯತ್ನಿಸುವ ತಿರುಗುಬಲವು ೧೦೦ × ೦.೩, ಎಂದರೆ ೩೦ ನ್ಯೂಟನ್-ಮೀಟರು. ಇದನ್ನು ಎದುರಿಸುವುದು ಯಾವುದು?

ಹಿಗ್ಗಿದ ಉಕ್ಕು

ಬೋಲ್ಟನ್ನು ಬಿಗಿದಾಗ ಅದು ಹಿಗ್ಗುತ್ತದೆ. ಗಟ್ಟಿಯಾದ ಉಕ್ಕು ಹಿಗ್ಗುವುದೆಂದರೆ ಕೆಲವರಿಗೆ ಆಶ್ಚರ್ಯವಾಗಬಹುದು. ಆದರೆ ಎಳೆದಷ್ಟಕ್ಕೆ ತಕ್ಕಂತೆ ಹಿಗ್ಗುವುದು ಘನವಸ್ತುಗಳ ಸ್ವಭಾವವೆಂದು ರಾಬರ್ಟ್ ಹುಕ್ಕನು ೧೬೭೮ರಲ್ಲಿಯೇ ಪ್ರಕಟಿಸಿದನಷ್ಟೆ. ೮ ಮಿಲಿಮೀಟರು ಬೋಲ್ಟಿನಲ್ಲಿ ಸೆಳೆತವನ್ನು ಹೊರುವ ಅಡ್ಡಕೊಯ್ತದ ವಿಸ್ತೀರ್ಣ ೩೬.೬ ಚದರ ಮಿಲಿಮೀಟರು. ತಲೆಯಿಂದ ನಟ್ಟಿನವರೆಗೆ ೧೨೦ ಮಿಲಿಮೀಟರು ಉದ್ದವಿದ್ದು, ೩೦೦೦ ನ್ಯೂಟನ್ನುಗಳ ಸೆಳೆತ ಬಂದಿದ್ದರೆ, ಉಕ್ಕಿನ ಯಂಗ್ ಗುಣಾಂಕವನ್ನು ಚದರ ಮಿಲಿಮೀಟರಿಗೆ ೨,೦೦,೦೦೦ ನ್ಯೂಟನ್ ಎಂದು ತೆಗೆದುಕೊಂಡು ಗುಣಿಸಿ ಭಾಗಿಸಿದರೆ, ಹಿಗ್ಗು ಸುಮಾರು ೦.೦೫ ಮಿಲಿಮೀಟರು ಎಂದು ದೊರೆಯುತ್ತದೆ. ಇದು ತಲೆಗೂದಲಿನ ದಪ್ಪಕ್ಕೆ ಸಮೀಪವಾದ ಅಳತೆ. ಕಣ್ಣಿಗೆ ಕಾಣದ ಈ ಹಿಗ್ಗೇ ಮಂಚವನ್ನು ಹಿಡಿದಿರುವ ಶಕ್ತಿ. ಹಿಗ್ಗಿದ ಉಕ್ಕು ಮೊದಲಿನ ಉದ್ದಕ್ಕೆ ಮರಳಲು ಹವಣಿಸುತ್ತ, ಕಾಲನ್ನೂ ಪಟ್ಟಿಯನ್ನೂ ಒಂದಕ್ಕೊಂದು ಅಮುಕಿ ಹಿಡಿಯುತ್ತದೆ. ಬಿಗಿದ ಬೋಲ್ಟು ಎಂದರೆ ಬಹು ಗಡುಸಾದ ಒಂದು ಸ್ಪ್ರಿಂಗು.

ಮೇಲಿನ ಪ್ರಶ್ನೆಗೆ ಈಗ ಉತ್ತರ ಸುಲಭ. ಪಟ್ಟಿಯ ಎತ್ತರ ೧೫೦ ಮಿಲಿಮೀಟರು, ಬೋಲ್ಟು ಅದರ ನಡುಮಧ್ಯೆ ಇದೆ ಎನ್ನೋಣ. ಸಂದು ಬಾಯಿ ಬಿಡಬೇಕಾದರೆ ಪಟ್ಟಿಯು ತನ್ನ ಒಂದು ಅಂಚನ್ನು ಆಧಾರವಾಗಿಟ್ಟುಕೊಂಡು ತಿರುಗಬೇಕು. ಆ ಅಂಚಿನಿಂದ ಬೋಲ್ಟಿಗೆ ೭೫ ಮಿಲಿಮೀಟರು ದೂರ. ೩೦೦೦ ನ್ಯೂಟನ್ನುಗಳ ಸೆಳೆತವು ಒಡ್ಡುವ ವಿರೋಧ ೩೦೦೦ × ೦.೦೭೫, ಎಂದರೆ ೨೨೫ ನ್ಯೂಟನ್-ಮೀಟರು. ಬೀಳುವ ತಿರುಗುಬಲವಾದರೋ ೩೦ ಮಾತ್ರ. ಸಂದು ಕದಲುವುದಿಲ್ಲ. ಅದೇ ಬೋಲ್ಟಿನ ಸೆಳೆತವು ೩೦೦ ನ್ಯೂಟನ್ನುಗಳಿಗೆ ಇಳಿಯಿತೆನ್ನಿ, ವಿರೋಧ ೨೨.೫ಕ್ಕೆ ಇಳಿದು, ೩೦ರ ಮುಂದೆ ಸೋಲುತ್ತದೆ. ಪ್ರತಿಯೊಂದು ನೂಕಿಗೂ ಸಂದು ಬಾಯಿ ತೆರೆದು ಮುಚ್ಚುತ್ತದೆ. ಬೋಲ್ಟಿನ ಉಕ್ಕು ಮೊದಲಿನಷ್ಟೇ ಬಲವಾಗಿದೆ, ಅದರ ದಪ್ಪ ಕಡಮೆಯಾಗಿಲ್ಲ. ಕಡಮೆಯಾದುದು ಅದರೊಳಗಿನ ಸೆಳೆತ.

ಸಂದಿನ ಚಿಕ್ಕ ಸಡಿಲವು ಹಲಗೆಯ ತುದಿಯಲ್ಲಿ ಎಷ್ಟು ದೊಡ್ಡದಾಗುತ್ತದೆಂಬುದನ್ನೂ ಗಮನಿಸಬೇಕು. ಬೋಲ್ಟಿನಲ್ಲಿ ಅರ್ಧ ಮಿಲಿಮೀಟರು ಸಡಿಲವಿದ್ದರೆ, ೭೫ ಮಿಲಿಮೀಟರು ದೂರಕ್ಕೆ ಅರ್ಧ ಮಿಲಿಮೀಟರಿನ ವಾಲು. ಸಂದಿನಿಂದ ೭೫ ಸೆಂಟಿಮೀಟರು ಮೇಲಿರುವ ಹಲಗೆಯ ತುದಿಯಲ್ಲಿ ಅದು ಹತ್ತರಷ್ಟಾಗಿ, ಅತ್ತ ೫, ಇತ್ತ ೫, ಒಟ್ಟು ೧೦ ಮಿಲಿಮೀಟರಿನ ಓಲಾಟವಾಗುತ್ತದೆ. ಆಧಾರಕ್ಕೆಂದು ಕೈ ಚಾಚಿದವರ ಅಂಗೈಗೆ ತಾಗುವುದು ಇದೇ.

ಅಮುಕುವಿಕೆಯ ಇನ್ನೊಂದು ಫಲ ಘರ್ಷಣೆ. ಜಾರುವಿಕೆಯನ್ನು ತಡೆಯುವ ಘರ್ಷಣೆಯು ತಲಗಳನ್ನು ಅಮುಕುವ ಬಲಕ್ಕೆ ಅನುಗುಣವಾಗಿರುತ್ತದೆಂದು ಫ್ರಾನ್ಸಿನ ಅಮೋಂಟನ್ನನು ೧೬೯೯ರಲ್ಲಿ ತೋರಿಸಿದನು. ಮರದ ಮೇಲೆ ಮರಕ್ಕೆ ಘರ್ಷಣಾಂಕ ೦.೩ ಎಂದು ಹಿಡಿದರೂ, ೩೦೦೦ ನ್ಯೂಟನ್ನುಗಳಿಂದ ಅಮುಕಿದ ಸಂದು ೯೦೦ ನ್ಯೂಟನ್ನುಗಳವರೆಗಿನ ನೂಕಿಗೆ ಜಾರದು. ಕಿರುಗುಟ್ಟುವಿಕೆಯೆಂದರೆ ತಲಗಳು ಜಾರುವ ಸದ್ದು. ಜಾರದ ಸಂದು ಸದ್ದನ್ನೂ ಮಾಡದು.

ಕೈಯ ಬಲ, ತಿರುಪಿನ ಬಲ

ಮುನ್ನೂರು ಕಿಲೋಗ್ರಾಂ ಭಾರಕ್ಕೆ ಸಮನಾದ ಈ ಸೆಳೆತವನ್ನು ತರಲು ಎಷ್ಟು ಬಲ ಬೇಕು? ತಿರುಪೆಂಬುದು ಕಂಬಕ್ಕೆ ಸುತ್ತಿದ ಇಳಿಜಾರು. ೮ ಮಿಲಿಮೀಟರು ಬೋಲ್ಟಿನಲ್ಲಿ ಒಂದು ಸುತ್ತಿಗೆ ಏರುವ ಎತ್ತರ ೧.೨೫ ಮಿಲಿಮೀಟರು ಮಾತ್ರ. ೧೫ ಸೆಂಟಿಮೀಟರು ಉದ್ದದ ಸ್ಪ್ಯಾನರಿನ ತುದಿಯು ಒಂದು ಸುತ್ತಿಗೆ ೯೪೨ ಮಿಲಿಮೀಟರು ಚಲಿಸುತ್ತದೆ. ಘರ್ಷಣೆಯೇ ಇಲ್ಲದಿದ್ದರೆ ಕೈಯ ಬಲವು ಸುಮಾರು ೭೫೦ ಪಟ್ಟು ವೃದ್ಧಿಸಬೇಕಾಗಿತ್ತು. ವಾಸ್ತವದಲ್ಲಿ ದೊರೆಯುವುದು ಅದರ ಎಂಟನೆಯ ಒಂದು ಪಾಲಿನಷ್ಟೇ. ಉಳಿದುದೆಲ್ಲ ತಲೆಯ ಅಡಿಯ ಹಾಗೂ ಥ್ರೆಡ್ಡಿನ ಘರ್ಷಣೆಗೆ ವ್ಯಯವಾಗುತ್ತದೆ. ಇದನ್ನು ನಷ್ಟವೆಂದು ಭಾವಿಸಬಾರದು. ತಿರುಪಿನ ಇಳಿಜಾರಿನಲ್ಲಿ ನಟ್ಟು ತಾನಾಗಿ ಹಿಂದಕ್ಕೆ ಜಾರದಂತೆ ಹಿಡಿದಿರುವುದೂ ಇದೇ ಘರ್ಷಣೆ.

ಈ ಲೆಕ್ಕದಿಂದ ೩೦೦೦ ನ್ಯೂಟನ್ನುಗಳ ಸೆಳೆತಕ್ಕೆ ಸ್ಪ್ಯಾನರಿನ ತುದಿಯಲ್ಲಿ ಬೇಕಾಗುವುದು ೩೨ ನ್ಯೂಟನ್, ಎಂದರೆ ಮೂರು ಕಿಲೋಗ್ರಾಮಿಗೆ ತುಸು ಹೆಚ್ಚು ಭಾರ. ಮೂರು ಸೇರು ಅಕ್ಕಿಯ ಚೀಲವನ್ನು ಎತ್ತುವಷ್ಟು ಸುಲಭ. ಬಲಶಾಲಿಯೊಬ್ಬನು ಹಲ್ಲು ಕಚ್ಚಿ ೨೦೦ ನ್ಯೂಟನ್ನುಗಳಿಂದ ಎಳೆದರೆ ಬೋಲ್ಟಿನ ಸೆಳೆತವು ೧೮,೦೦೦ವನ್ನು ದಾಟಬೇಕು. ಸಾಧಾರಣ ಉಕ್ಕಿನ ೮ ಮಿಲಿಮೀಟರು ಬೋಲ್ಟು ೧೪,೬೦೦ಕ್ಕೇ ತುಂಡಾಗುತ್ತದೆ. ಅದಕ್ಕಿಂತ ಬಹಳ ಮೊದಲೇ ಇನ್ನೊಂದು ವಸ್ತು ಸೋತುಹೋಗಿರುತ್ತದೆ. ಅದೇ ಮರ.

ಮರದ ಮಾತು

ನಾರಿನ ದಿಕ್ಕಿನಲ್ಲಿ ಒತ್ತಿದರೆ ಮರವು ಗಟ್ಟಿ. ನಾರಿಗೆ ಅಡ್ಡಲಾಗಿ ಒತ್ತಿದರೆ ಮೆತು. ಹುಲ್ಲುಕೊಳವೆಗಳ ಕಂತೆಯನ್ನು ಊಹಿಸಿಕೊಂಡರೆ ಇದು ಮನದಟ್ಟಾಗುತ್ತದೆ: ನಿಲ್ಲಿಸಿದ ಕಂತೆ ಭಾರ ಹೊರುತ್ತದೆ, ಮಲಗಿಸಿದ ಕಂತೆ ಚಪ್ಪಟೆಯಾಗುತ್ತದೆ. ಮಂಚದ ಕಾಲಿನಲ್ಲಿ ನಾರುಗಳು ನೆಟ್ಟಗೆ ಮೇಲಕ್ಕೆ ಹೋಗುತ್ತವೆ; ಬೋಲ್ಟು ಅವನ್ನು ಅಡ್ಡಲಾಗಿ ಒತ್ತುತ್ತದೆ. ಪೀಠೋಪಕರಣಗಳಿಗೆ ಬಳಸುವ ಮರಗಳು ಈ ದಿಕ್ಕಿನಲ್ಲಿ ಸಾಮಾನ್ಯವಾಗಿ ಚದರ ಮಿಲಿಮೀಟರಿಗೆ ೫ರಿಂದ ೧೦ ನ್ಯೂಟನ್ನುಗಳಿಗಿಂತ ಹೆಚ್ಚಿನ ಒತ್ತಡವನ್ನು ಬಹುಕಾಲ ತಡೆಯಲಾರವು.

ಬೋಲ್ಟಿನ ತಲೆಯ ಅಗಲ ೧೩ ಮಿಲಿಮೀಟರು; ಅದರಲ್ಲಿ ೯ ಮಿಲಿಮೀಟರು ರಂಧ್ರಕ್ಕೆ ಹೋಯಿತು. ಉಳಿಯುವ ಉಂಗುರದ ವಿಸ್ತೀರ್ಣ ೬೯ ಚದರ ಮಿಲಿಮೀಟರು. ೩೦೦೦ ನ್ಯೂಟನ್ನುಗಳನ್ನು ಇದರಿಂದ ಭಾಗಿಸಿದರೆ ಒತ್ತಡ ೪೩. ತಲೆಯು ಮರದೊಳಕ್ಕೆ ಹೂತುಹೋಗದೆ ಇರದು. ೧೬ ಮಿಲಿಮೀಟರು ಅಗಲದ ಮಾಮೂಲು ವಾಷರು ಹಾಕಿದರೆ ಒತ್ತಡವು ೨೨ಕ್ಕೆ ಇಳಿಯುತ್ತದೆ. ೨೪ ಮಿಲಿಮೀಟರಿನದಾದರೆ ೮ಕ್ಕೆ. ೩೦ ಮಿಲಿಮೀಟರಿನದಾದರೆ ೫ಕ್ಕಿಂತಲೂ ಕಡಮೆಗೆ. ಅಂದಮೇಲೆ ಮಂಚದ ಭದ್ರತೆಯನ್ನು ನಿರ್ಣಯಿಸುವಲ್ಲಿ ಬೋಲ್ಟಿನ ದಪ್ಪಕ್ಕಿಂತ, ಕೆಲವೇ ರೂಪಾಯಿ ಬೆಲೆಯ ವಾಷರಿನ ಅಗಲವು ಹೆಚ್ಚು ಮುಖ್ಯವೆಂದಾಯಿತು. ಆದರೆ ಅಗಲವಾದ ವಾಷರು ತೆಳ್ಳಗಿದ್ದರೆ ತಟ್ಟೆಯಂತೆ ಬಾಗಿ, ನಡುಭಾಗ ಮಾತ್ರ ಒತ್ತುತ್ತದೆ. ಅದು ೨ ಮಿಲಿಮೀಟರಿಗೆ ಕಡಮೆಯಿಲ್ಲದಷ್ಟು ದಪ್ಪವಿರಬೇಕು.

ಋತುಗಳ ಪ್ರಭಾವ

ಇಷ್ಟೆಲ್ಲ ಸರಿಯಾಗಿ ಮಾಡಿದ ಮಂಚವೂ ಕೆಲವು ತಿಂಗಳಲ್ಲಿ ಸಡಿಲವಾಗುವುದುಂಟು. ಇದಕ್ಕೆ ಕಾರಣ ಗಾಳಿಯ ತೇವ. ಮರವು ಗಾಳಿಯಿಂದ ತೇವವನ್ನು ಹೀರಿ ಉಬ್ಬುತ್ತದೆ, ಗಾಳಿ ಒಣಗಿದಾಗ ತೇವವನ್ನು ಬಿಟ್ಟು ಕುಗ್ಗುತ್ತದೆ. ಗಾಳಿಯ ಸಾಪೇಕ್ಷ ಆರ್ದ್ರತೆ ಶೇಕಡ ೮೦ರಷ್ಟು ಇರುವೆಡೆ ಮರದಲ್ಲಿ ಸುಮಾರು ಶೇಕಡ ೧೬ರಷ್ಟು ತೇವ ನಿಲ್ಲುತ್ತದೆ. ಶೇಕಡ ೪೦ ಇರುವೆಡೆ ಶೇಕಡ ೮ರಷ್ಟು ಮಾತ್ರ. ನಮ್ಮ ಕರಾವಳಿಯ ಮಳೆಗಾಲಕ್ಕೂ ರಾಯಚೂರಿನ ಬೇಸಗೆಗೂ ಇರುವ ಅಂತರವನ್ನು ಬಲ್ಲವರಿಗೆ ಇದು ಅಚ್ಚರಿಯ ಮಾತಲ್ಲ.

ತೇಗವು ಈ ವಿಷಯದಲ್ಲಿ ಒಳ್ಳೆಯ ಮರವೆಂದು ಹೆಸರಾದುದು. ಹಸಿಯ ಸ್ಥಿತಿಯಿಂದ ಪೂರ್ತಿ ಒಣಗುವವರೆಗೆ ಅದು ವರ್ಷೋಂಗುರಗಳ ಗುಂಟ ಶೇಕಡ ೫.೮ರಷ್ಟೂ, ತಿರುಳಿನಿಂದ ತೊಗಟೆಯ ಕಡೆಗೆ ಶೇಕಡ ೨.೫ರಷ್ಟೂ ಕುಗ್ಗುತ್ತದೆ. ೬೦ ಮಿಲಿಮೀಟರು ದಪ್ಪದ ತೇಗದ ಕಾಲಿನಲ್ಲಿ ತೇವವು ಶೇಕಡ ೫ರಷ್ಟು ಇಳಿದರೆ, ಅದರ ದಪ್ಪವು ಮರವನ್ನು ಕೊಯ್ದ ರೀತಿಗೆ ಅನುಸಾರವಾಗಿ ಕಾಲು ಮಿಲಿಮೀಟರಿನಿಂದ ಅರ್ಧ ಮಿಲಿಮೀಟರಿಗೂ ಮೀರಿ ಕಡಮೆಯಾಗುತ್ತದೆ. ಬೋಲ್ಟಿನ ಹಿಗ್ಗು ಎಷ್ಟಿತ್ತು? ೦.೦೫ ಮಿಲಿಮೀಟರು. ಕುಗ್ಗು ಅದರ ಐದರಷ್ಟು, ಹತ್ತರಷ್ಟು. ಅಮುಕಿದ್ದ ಮರವು ಒತ್ತಡ ತಗ್ಗಿದಂತೆ ತುಸು ಹಿಗ್ಗಿ ಸಡಿಲವನ್ನು ಸ್ವಲ್ಪ ತುಂಬುವುದಾದರೂ, ಅದರಿಂದ ಪೂರ್ತಿ ಪರಿಹಾರ ಸಿಗದು. ಸೆಳೆತವು ಬಹುಮಟ್ಟಿಗೆ ಮಾಯವಾಗುತ್ತದೆ.

ದಪ್ಪನಾದ ಬೋಲ್ಟಿನ ಮೇಲಿನ ನಂಬಿಕೆ ಇಲ್ಲಿ ಸಂಪೂರ್ಣ ಕುಸಿಯುತ್ತದೆ. ೧೨ ಮಿಲಿಮೀಟರು ಬೋಲ್ಟಿನ ವಿಸ್ತೀರ್ಣ ೮೪ ಚದರ ಮಿಲಿಮೀಟರು. ಅದೇ ೩೦೦೦ ನ್ಯೂಟನ್ನುಗಳಿಗೆ ಅದು ಹಿಗ್ಗುವುದು ೦.೦೨ ಮಿಲಿಮೀಟರು ಮಾತ್ರ. ಕಡಮೆ ಹಿಗ್ಗಿದ ಸ್ಪ್ರಿಂಗು ಸ್ವಲ್ಪ ಕುಗ್ಗಿಗೇ ತನ್ನ ಸೆಳೆತವನ್ನು ಕಳೆದುಕೊಳ್ಳುತ್ತದೆ. ಮೇಲಾಗಿ ಅದಕ್ಕೆ ಕೊರೆಯಬೇಕಾದ ರಂಧ್ರವು ೬೦ ಮಿಲಿಮೀಟರಿನ ಕಾಲಿನಲ್ಲಿ ಐದನೆಯ ಒಂದು ಪಾಲಿಗೂ ಹೆಚ್ಚನ್ನು ತಿಂದುಹಾಕುತ್ತದೆ. ಬೋಲ್ಟು ಉದ್ದವಾಗಿದ್ದಷ್ಟೂ ಅದು ಹೆಚ್ಚು ಹಿಗ್ಗುವುದರಿಂದ, ನಟ್ಟನ್ನು ಪಟ್ಟಿಯೊಳಗೆ ಆಳವಾಗಿ ಕೂರಿಸುವುದೇ ಲೇಸು. ಪಟ್ಟಿಯಲ್ಲಿ ನಾರುಗಳು ಬೋಲ್ಟಿನ ದಿಕ್ಕಿನಲ್ಲಿಯೇ ಇರುತ್ತವೆ; ನಾರಿನ ದಿಕ್ಕಿನಲ್ಲಿ ಮರವು ಕುಗ್ಗುವುದು ನಗಣ್ಯ. ಹಾಗಾಗಿ ಆಳ ಹೆಚ್ಚಿಸಿದರೆ ಹಿಗ್ಗು ಬೆಳೆಯುತ್ತದೆ, ಕುಗ್ಗು ಬೆಳೆಯುವುದಿಲ್ಲ. ಇನ್ನೂ ಹೆಚ್ಚಿನ ಎಚ್ಚರ ಬೇಕೆನ್ನುವವರು ಬೋಗುಣಿಯಂತೆ ತಗ್ಗಾದ ಗಡುಸು ಉಕ್ಕಿನ ವಾಷರನ್ನು ಚಪ್ಪಟೆ ವಾಷರಿನ ಮೇಲೆ ಇಡಬಹುದು. ಫ್ರಾನ್ಸಿನ ಬೆಲ್ವಿಲ್ ಎಂಬಾತನು ೧೮೬೭ರಲ್ಲಿ ಹಕ್ಕುಪತ್ರ ಪಡೆದ ಈ ಉಪಾಯದಲ್ಲಿ, ಮರ ಕುಗ್ಗಿದಂತೆ ವಾಷರು ಅರಳಿ ಸೆಳೆತವನ್ನು ಉಳಿಸಿಕೊಡುತ್ತದೆ.

ಮಳೆಗಾಲದ ಕೇಡು ಬೇರೆ ಬಗೆಯದು. ಬೇಸಗೆಯಲ್ಲಿ ಅತಿಯಾಗಿ ಬಿಗಿದ ಸಂದಿನ ಮರವು ಮಳೆಗಾಲದಲ್ಲಿ ಉಬ್ಬಲು ಎಡೆಯಿಲ್ಲದೆ, ವಾಷರಿನ ಅಡಿಯಲ್ಲಿ ತನ್ನ ನಾರುಗಳನ್ನು ತಾನೇ ಜಜ್ಜಿಕೊಳ್ಳುತ್ತದೆ. ಮತ್ತೆ ಒಣಗಿದಾಗ ಮೊದಲಿಗಿಂತಲೂ ತೆಳ್ಳಗಾಗುತ್ತದೆ. ಕಾವು ಸಡಿಲವಾದ ಕೊಡಲಿಯನ್ನು ನೀರಿನಲ್ಲಿ ನೆನೆಸಿಟ್ಟರೆ ಆ ಹೊತ್ತಿಗೆ ಬಿಗಿಯಾಗಿ, ಒಣಗಿದ ಮೇಲೆ ಇನ್ನಷ್ಟು ಸಡಿಲವಾಗುವುದನ್ನು ಹಳ್ಳಿಯವರೆಲ್ಲ ಕಂಡಿದ್ದಾರೆ. ಅಲ್ಲಿ ನಡೆಯುವುದೇ ಇಲ್ಲಿಯೂ ನಡೆಯುತ್ತದೆ.

ಹೀಗೆ ಸೆಳೆತ ತಗ್ಗಿದ ಸಂದಿನಲ್ಲಿ ಮುಂದಿನ ಹಂತ ಆರಂಭವಾಗುತ್ತದೆ. ಬೋಲ್ಟುಗಳು ತಾವಾಗಿ ಬಿಚ್ಚಿಕೊಳ್ಳುವುದೇಕೆಂಬುದನ್ನು ಜರ್ಮನಿಯ ಎಂಜಿನಿಯರು ಗೆರ್ಹಾರ್ಡ್ ಯುಂಕರ್ ಪರೀಕ್ಷಿಸಿ ೧೯೬೯ರಲ್ಲಿ ಪ್ರಕಟಿಸಿದನು. ಬೋಲ್ಟಿಗೆ ಅಡ್ಡಲಾಗಿ ಸಂದು ಹಿಂದಕ್ಕೂ ಮುಂದಕ್ಕೂ ಜಾರತೊಡಗಿದರೆ, ಥ್ರೆಡ್ಡಿನಲ್ಲಿಯ ಘರ್ಷಣೆಯು ಆ ಜಾರುವಿಕೆಯನ್ನು ಎದುರಿಸುವುದರಲ್ಲಿಯೇ ಕಳೆದುಹೋಗಿ, ತಿರುಪನ್ನು ಹಿಡಿದಿಡಲು ಏನೂ ಉಳಿಯುವುದಿಲ್ಲ. ಬೋಲ್ಟು ತನ್ನ ಸೆಳೆತದಿಂದಲೇ ಇಳಿಜಾರಿನಲ್ಲಿ ಹಿಂದಕ್ಕೆ ತಿರುಗುತ್ತದೆ. ಸಡಿಲವು ಜಾರುವಿಕೆಗೆ, ಜಾರುವಿಕೆಯು ಇನ್ನಷ್ಟು ಸಡಿಲಕ್ಕೆ ಕಾರಣ. ಕಬ್ಬಿಣದ ಮಂಚಗಳು ಗಾಳಿಯ ತೇವಕ್ಕೆ ಉಬ್ಬಿ ಕುಗ್ಗದಿದ್ದರೂ ಅಲುಗಾಡತೊಡಗುವುದು ಈ ಮಾರ್ಗದಿಂದಲೇ. ಇಂತಹ ಪರೀಕ್ಷೆಗಳಲ್ಲಿ ಸೀಳಿದ ಉಂಗುರದಂತಹ ಸ್ಪ್ರಿಂಗು ವಾಷರು ಹೆಚ್ಚು ಪ್ರಯೋಜನ ತೋರಿಸಲಿಲ್ಲವೆಂಬುದು ಗಮನಾರ್ಹ. ಒಳಗೆ ನೈಲಾನ್ ಉಂಗುರವುಳ್ಳ ನಟ್ಟು, ಸೆಳೆತವನ್ನು ಉಳಿಸಲಾರದಾದರೂ, ಪೂರ್ತಿ ಕಳಚಿ ಬೀಳುವುದನ್ನು ತಡೆಯುತ್ತದೆ.

ಆಯ್ಕೆ

ಇಷ್ಟನ್ನು ತಿಳಿದ ಮೇಲೆ ಆಯ್ಕೆ ಕಷ್ಟವಲ್ಲ. ದೊಡ್ಡವರ ಮರದ ಮಂಚಕ್ಕೆ ೮ ಮಿಲಿಮೀಟರು ಬೋಲ್ಟು ಸಾಕು. ೬ ಮಿಲಿಮೀಟರಿನದು ಲೆಕ್ಕದ ಪ್ರಕಾರ ಸಾಲದೆಂದಲ್ಲ. ಆದರೆ ೧೫ ಸೆಂಟಿಮೀಟರು ಸ್ಪ್ಯಾನರಿನ ತುದಿಯಲ್ಲಿ ೬೫ ನ್ಯೂಟನ್ನುಗಳಷ್ಟು ಎಳೆದರೆ ಸಾಧಾರಣ ಉಕ್ಕಿನ ಆ ಬೋಲ್ಟು ತುಂಡಾಗುವ ಸಂಭವವಿದೆ. ಅಷ್ಟು ಬಲ ಯಾರ ಕೈಯಿಂದಲೂ ತಿಳಿಯದೆಯೇ ಬೀಳಬಹುದು. ೮ ಮಿಲಿಮೀಟರು ಹೇಳುವುದು ಮಂಚದ ಭಾರಕ್ಕಲ್ಲ, ಬಿಗಿಯುವ ಕೈಗೆ.

ಬೋಲ್ಟಿನ ತಲೆಯ ಮೇಲೆ ೪.೬ ಅಥವಾ ೮.೮ ಎಂಬ ಅಂಕೆಗಳು ಮುದ್ರಿತವಾಗಿರುವುದುಂಟು. ಮೊದಲ ಅಂಕೆಯನ್ನು ೧೦೦ರಿಂದ ಗುಣಿಸಿದರೆ ಉಕ್ಕು ತುಂಡಾಗುವ ಸೆಳೆತ, ಚದರ ಮಿಲಿಮೀಟರಿಗೆ ಇಷ್ಟು ನ್ಯೂಟನ್ನೆಂದು ದೊರೆಯುತ್ತದೆ. ಎರಡನೆಯದು ಅದರ ಹತ್ತರಲ್ಲಿ ಎಷ್ಟು ಪಾಲಿಗೆ ಉಕ್ಕು ಶಾಶ್ವತವಾಗಿ ಹಿಗ್ಗಲು ತೊಡಗುತ್ತದೆಂಬುದನ್ನು ಸೂಚಿಸುತ್ತದೆ. ೪.೬ ಎಂದರೆ ೪೦೦ ಮತ್ತು ೨೪೦. ಮರವೇ ಮೊದಲು ಸೋಲುವುದರಿಂದ, ಮಂಚಕ್ಕೆ ೮.೮ರ ದುಬಾರಿ ಉಕ್ಕು ಅನಾವಶ್ಯಕ.

ಹಳೆಯ ಮಂಚದ ಒಂದು ಬೋಲ್ಟು ಕಳೆದುಹೋದಾಗ ಹೊಸದನ್ನು ತರುವವರು ನಟ್ಟನ್ನು ಜೊತೆಯಲ್ಲಿ ಒಯ್ಯಬೇಕು. ಜೋಸೆಫ್ ವಿಟ್‌ವರ್ಥನು ೧೮೪೧ರಲ್ಲಿ ಸೂಚಿಸಿದ ಅಂಗುಲದ ಥ್ರೆಡ್ಡುಗಳು ಹಳೆಯ ಸಾಮಾನುಗಳಲ್ಲಿ ಇನ್ನೂ ಉಳಿದಿವೆ. ೫/೧೬ ಅಂಗುಲವೆಂದರೆ ೭.೯೪ ಮಿಲಿಮೀಟರು, ಕಣ್ಣಿಗೆ ಅದು ೮ ಮಿಲಿಮೀಟರೇ. ಆದರೆ ಅದರ ಥ್ರೆಡ್ಡು ಅಂಗುಲಕ್ಕೆ ೧೮, ಎಂದರೆ ಒಂದು ಸುತ್ತಿಗೆ ೧.೪೧ ಮಿಲಿಮೀಟರು, ಮೀಟರು ಪದ್ಧತಿಯದು ೧.೨೫. ಒಂದೆರಡು ಸುತ್ತು ಸೇರಿ ಆಮೇಲೆ ಬಿಗಿಯಾಗುವ ನಟ್ಟನ್ನು ಬಲವಂತದಿಂದ ತಿರುಗಿಸಿದರೆ ಥ್ರೆಡ್ಡು ನಾಶವಾಗುತ್ತದೆ.

ನಟ್ಟನ್ನು ಪಟ್ಟಿಯ ತುದಿಗೆ ತೀರ ಸಮೀಪದಲ್ಲಿ ಹುದುಗಿಸಬಾರದು. ನಟ್ಟು ಬಲವಾಗಿ ಎಳೆದಾಗ ಅದರ ಮುಂದಿರುವ ಮರದ ತುಂಡು ನಾರಿನ ಗುಂಟ ಎರಡೂ ಪಕ್ಕದಲ್ಲಿ ಸೀಳಿ ಹೊರಬರಲು ನೋಡುತ್ತದೆ. ನಟ್ಟಿನ ಉದ್ದ ೨೦ ಮಿಲಿಮೀಟರು, ತುದಿಯಿಂದ ದೂರ ೧೦ ಮಿಲಿಮೀಟರು ಎಂದಾದರೆ ತಡೆಯುವ ವಿಸ್ತೀರ್ಣ ೪೦೦ ಚದರ ಮಿಲಿಮೀಟರು. ಮರವು ಸೀಳದೆ ತಡೆಯುವುದು ಚದರ ಮಿಲಿಮೀಟರಿಗೆ ೬ ನ್ಯೂಟನ್ನೆಂದರೆ ಒಟ್ಟು ೨೪೦೦. ೩೦೦೦ಕ್ಕೆ ಇದು ಸಾಲದು. ೬೦ ಮಿಲಿಮೀಟರು ದೂರವಿದ್ದರೆ ಆರರಷ್ಟು ಭದ್ರತೆ ದೊರೆಯುತ್ತದೆ. ಪಟ್ಟಿಯ ತುದಿಗೆ ನೇರವಾಗಿ ತಿರುಪುಮೊಳೆ ಹೊಡೆಯುವ ರೂಢಿ ಇನ್ನೂ ಕೆಟ್ಟದು. ಅಲ್ಲಿ ತಿರುಪು ನಾರುಗಳ ನಡುವೆ ಹೋಗುವುದರಿಂದ ಹಿಡಿತವೇ ಕಡಮೆ, ಎರಡು ಸಲ ಬಿಚ್ಚಿ ಕೂಡಿಸಿದರೆ ಅದೂ ಹೋಗುತ್ತದೆ.

ಒಂದು ಸಂದಿಗೆ ಒಂದರ ಬದಲು, ಒಂದರ ಮೇಲೊಂದು ಎರಡು ಬೋಲ್ಟುಗಳಿದ್ದರೆ ಪಟ್ಟಿಯು ಬೋಲ್ಟಿನ ಸುತ್ತ ತಿರುಚಿಕೊಳ್ಳುವುದು ತಪ್ಪುತ್ತದೆ. ಅಂಚಿನಿಂದ ದೂರದ ಬೋಲ್ಟು ೧೨೫ ಮಿಲಿಮೀಟರಿನಲ್ಲಿರುವುದರಿಂದ, ಅದೇ ಅರ್ಧ ಮಿಲಿಮೀಟರಿನ ಸಡಿಲಕ್ಕೆ ಹಲಗೆಯ ಓಲಾಟ ೧೦ರಿಂದ ೬ ಮಿಲಿಮೀಟರಿಗೆ ಇಳಿಯುತ್ತದೆ. ಒಂದು ಕಾಲಿಗೆ ಎರಡು ದಿಕ್ಕುಗಳಿಂದ ಬೋಲ್ಟು ಬರುವುದಾದರೆ ಅವು ಬೇರೆಬೇರೆ ಎತ್ತರದಲ್ಲಿರಬೇಕು. ಒಂದೇ ಮಟ್ಟದಲ್ಲಿ ಎರಡು ರಂಧ್ರ ಸೇರಿದರೆ ಕಾಲು ಅಲ್ಲಿಯೇ ದುರ್ಬಲವಾಗುತ್ತದೆ.

ಜೋಡಣೆ

ಕಾಲನ್ನೂ ಪಟ್ಟಿಯನ್ನೂ ಇರಬೇಕಾದ ಸ್ಥಾನದಲ್ಲಿ ಬಿಗಿದು ಹಿಡಿದು, ಎರಡಕ್ಕೂ ಒಟ್ಟಿಗೆ ಬೈರಿಗೆ ಹಾಕಬೇಕು. ಆಗ ರಂಧ್ರಗಳು ನೇರವಾಗಿ ಕೂಡುತ್ತವೆ. ೮ ಮಿಲಿಮೀಟರು ಬೋಲ್ಟಿಗೆ ೯ ಮಿಲಿಮೀಟರು ರಂಧ್ರ ಸರಿ. ಮೊದಲ ಕೆಲವು ಸುತ್ತುಗಳನ್ನು ಕೈಬೆರಳಿನಿಂದಲೇ ತಿರುಗಿಸಬೇಕು. ನಾಲ್ಕೂ ಮೂಲೆಗಳ ಬೋಲ್ಟುಗಳನ್ನು ಸಡಿಲವಾಗಿ ಸೇರಿಸಿ, ಮಂಚವನ್ನು ಸಮತಟ್ಟಾದ ನೆಲದ ಮೇಲೆ ನಿಲ್ಲಿಸಿ, ಮೂಲೆಯಿಂದ ಮೂಲೆಗೆ ಕರ್ಣಗಳನ್ನು ಅಳೆಯಬೇಕು. ಎರಡು ಕರ್ಣಗಳೂ ಸಮನಾಗಿದ್ದರೆ ಚೌಕಟ್ಟು ಸರಿಯಾದ ಆಯತ. ೨ ಮೀಟರು ಉದ್ದ, ಒಂದೂವರೆ ಮೀಟರು ಅಗಲದ ಚೌಕಟ್ಟಿನಲ್ಲಿ ಕರ್ಣವು ಸರಿಯಾಗಿ ಎರಡೂವರೆ ಮೀಟರು ಬರುವುದನ್ನು ಕಂಡು ಪೈಥಾಗೊರಸನ ಪ್ರಮೇಯವನ್ನು ಓದಿದ ವಿದ್ಯಾರ್ಥಿಗಳು ಸಂತೋಷಪಡಬಹುದು. ಅನಂತರ ಒಂದು ಮೂಲೆ, ಆಮೇಲೆ ಅದರ ಎದುರಿನ ಮೂಲೆ, ಹೀಗೆ ಕರ್ಣದ ದಿಕ್ಕಿನಲ್ಲಿ ಎರಡು ಮೂರು ಸರದಿಗಳಲ್ಲಿ ಬಿಗಿಯಬೇಕು.

ಎಲ್ಲಿ ನಿಲ್ಲಿಸಬೇಕು? ವಾಷರಿನ ಅಂಚು ಮರದ ಮೇಲೆ ತೆಳುವಾದ ಗುರುತು ಮೂಡಿಸುವಾಗ. ಅದು ಮರದೊಳಕ್ಕೆ ಇಳಿಯತೊಡಗಿದರೆ ಮಿತಿ ಮೀರಿತು. ಥ್ರೆಡ್ಡಿಗೆ ಎಣ್ಣೆಯನ್ನೋ ಮೇಣವನ್ನೋ ಸವರಿದ್ದರೆ ಅದೇ ಕೈಬಲಕ್ಕೆ ಸೆಳೆತ ಹೆಚ್ಚುತ್ತದೆಂಬುದನ್ನು ನೆನಪಿಟ್ಟು, ಇನ್ನೂ ಹಗುರವಾಗಿ ಬಿಗಿಯಬೇಕು. ಹೊಸ ಮಂಚವನ್ನು ಒಂದು ತಿಂಗಳ ತರುವಾಯ ಒಮ್ಮೆ, ಆಮೇಲೆ ಪ್ರತಿ ವರುಷ ಬೇಸಗೆಯಲ್ಲಿ ಒಮ್ಮೆ ಬಿಗಿದರೆ ಸಾಕು. ಮಳೆಗಾಲ ಹತ್ತಿರವಾಗಿರುವಾಗ ಬಿಗಿ ಹಗುರವಾಗಿರಲಿ, ಮರ ತಾನೇ ಉಬ್ಬಲಿದೆ.

ಈ ವಿಷಯವನ್ನು ಸ್ವತಃ ಪರೀಕ್ಷಿಸಬಯಸುವ ವಾಚಕರಿಗೆ ಒಂದು ಸರಳ ಪ್ರಯೋಗವುಂಟು. ಬಿಗಿದ ಬೋಲ್ಟಿನ ತಲೆ, ವಾಷರು ಹಾಗೂ ಪಕ್ಕದ ಮರ, ಇವುಗಳ ಮೇಲೆ ಒಂದೇ ನೇರವಾಗಿ ಸಣ್ಣ ಗೆರೆಯೊಂದನ್ನು ಬಣ್ಣದಿಂದ ಎಳೆದು, ತಾರೀಖನ್ನು ಬರೆದಿಡಿ. ಮಂಚವು ಅಲುಗಾಡಲು ತೊಡಗಿದಾಗ ಆ ಗೆರೆಯನ್ನು ನೋಡಿ. ಗೆರೆ ಮುರಿದು ಬೋಲ್ಟಿನ ಮೇಲಿನ ಭಾಗ ಪಕ್ಕಕ್ಕೆ ಸರಿದಿದ್ದರೆ, ಬೋಲ್ಟು ತಿರುಗಿ ಸಡಿಲವಾಗಿದೆ; ಸಂದು ಜಾರುತ್ತಿದೆಯೆಂದು ತಿಳಿಯಬೇಕು. ಗೆರೆ ಒಂದೇ ನೇರದಲ್ಲಿದ್ದೂ ಸಂದು ಸಡಿಲವಾಗಿದ್ದರೆ ಬೋಲ್ಟು ಕದಲಿಲ್ಲ, ಮರ ಕುಗ್ಗಿದೆ; ಮೂರು ಕಿಲೋಗ್ರಾಂ ಭಾರದಷ್ಟು ಕೈಬಲದಿಂದ ತುಸು ತಿರುಗಿಸಿದರೆ ಸಾಕು. ವಾಷರಿನ ಸುತ್ತ ತಗ್ಗು ಬಿದ್ದಿದ್ದರೆ ಅಗಲವಾದ ವಾಷರನ್ನು ತರಬೇಕು. ಈ ಮೂರರಲ್ಲಿ ಯಾವುದಕ್ಕೂ ದಪ್ಪನಾದ ಬೋಲ್ಟು ಪರಿಹಾರವಲ್ಲ.